ಅಂಗಡಿಯ ಟೇಪು

ಕತ್ತಲ ದೊರೆಯ ಹೆಗಲಿನಿಂದ ನೆಲದವರೆಗೆ ಇಳಿಬಿಟ್ಟ ಟೇಪನ್ನು ದರ್ಜಿ ಎರಡೆರಡು ಸಲ ಓದಿದ. ಹೋದ ವರ್ಷಕ್ಕಿಂತ ಮೂರು ಇಂಚು ಕಡಿಮೆ! ಸ್ಟೂಲಿನ ಮೇಲೆ ನಿಂತು ಟೇಪಿನ ಮೇಲ್ತುದಿ ಹಿಡಿದಿದ್ದ ಮಗಳು ಬಗ್ಗಿ ಪಿಸುಗುಟ್ಟಿದಳು: "ಅಪ್ಪಾ, ಅವಸರದಲ್ಲಿ ಅಂಗಡಿ ಟೇಪು ತಂದ್ಬಿಟ್ಟೆ."

"ತಂದ್ಯಲ್ಲೇ ತಾಯಿ, ಇನ್ನು ಬಾಯಿ ಮುಚ್ಕೊಂಡಿರು."

ಊರೂರು ಸುಡಿಸುವ ದೊರೆ ವರ್ಷವರ್ಷವೂ ಎತ್ತರವಾಗುತ್ತಲೇ ಇರಬೇಕು. ಕುಗ್ಗಿದ್ದೀರಿ ಎಂದ ದರ್ಜಿಯ ಅಜ್ಜನ ತಲೆ ನಿಂತಲ್ಲೇ ಉರುಳಿತ್ತು. ಅಂದಿನಿಂದ ಆ ಮನೆಯವರು ದೊರೆಗೆಂದೇ ವರ್ಷಕ್ಕೊಂದು ಹೊಸ ಟೇಪಿಗೆ ಗೆರೆ ಬರೆದು, ಇಂಚುಗಳನ್ನು ತುಸುತುಸುವೇ ಕಿರಿದು ಮಾಡುತ್ತ, ಕರಿಯ ನಿಲುವಂಗಿ ಹೊಲಿದುಕೊಂಡು ಸುಖವಾಗಿದ್ದರು. ಈ ಸಲ ಯಾವ ಊರು ಸುಟ್ಟಿತೆಂದು ಒಮ್ಮೆಯೂ ಕೇಳಿದವರಲ್ಲ.

"ಎಷ್ಟೊತ್ತಯ್ಯಾ ನಿಂದು?" ಎನ್ನುತ್ತ ಬಾಗಿಲ ಬಳಿ ನಿಂತಿದ್ದ ಸೇನಾಪತಿ ಅಳತೆ ನೋಡಲು ತಾನೇ ಹತ್ತಿರ ಬಂದ. ದರ್ಜಿ ಮಂಡಿಯೂರಿದಲ್ಲೇ ತಲೆ ತಗ್ಗಿಸಿದ. ಆಗ ಹಳೆಯ ನಿಲುವಂಗಿಯ ಅಂಚಿನ ಮರೆಯಲ್ಲಿ ದೊರೆಯ ಎರಡೂ ಹಿಮ್ಮಡಿಗಳು ಮೆಲ್ಲಗೆ ಮೇಲೆದ್ದವು. ತುದಿಗಾಲಲ್ಲಿ ನಿಂತ ಆ ಮುದಿ ಕಾಲುಗಳು ಗಡಗಡ ನಡುಗುತ್ತಿದ್ದವು.

"ಬೇಗ ಓದಯ್ಯಾ," ಎಂದ ದೊರೆ, ಹಲ್ಲು ಕಚ್ಚಿಕೊಂಡು.