ತಾರಸಿಯ ಹಗ್ಗ

ಪರದೆಯ ಮೇಲೆ ಚಂಡಮಾರುತದ ಕಣ್ಣು ತನ್ನದೇ ಊರಿನತ್ತ ತಿರುಗಿದ್ದೇ ತಡ, ಹವಾಮಾನ ಕಚೇರಿಯಲ್ಲಿದ್ದ ಸೊಸೆ ದುರ್ಬೀನು ಹಿಡಿದು ಕಿಟಕಿಗೆ ಓಡಿದಳು. ಅವಳು ನೋಡಿದ್ದು ಕಡಲನ್ನಲ್ಲ, ಎರಡು ಬೀದಿ ಆಚೆಗಿದ್ದ ತನ್ನ ಮನೆಯ ತಾರಸಿಯನ್ನು. ಅವಳು ರೇಡಿಯೊದಲ್ಲಿ ಮಳೆ ಬರುತ್ತದೆ ಎಂದ ದಿನಗಳಲ್ಲೆಲ್ಲ ಅತ್ತೆ ಬೇಕೆಂದೇ ಬಟ್ಟೆ ಒಗೆದು ಅಲ್ಲಿ ಹರವುತ್ತಿದ್ದರು. ಒಣಗಿದರೆ ಮುಗಿಯಿತು, ಊಟದ ಹೊತ್ತಿಗೆ ಮಡಚಿದ ರಾಶಿಯನ್ನು ‘ಎಲ್ಲಿ ನಿನ್ನ ಮಳೆ’ ಎನ್ನುವಂತೆ ತಂದು ಅವಳ ಮುಂದೆ ಇಡುತ್ತಿದ್ದರು.

ಇವತ್ತೂ ಹಗ್ಗದ ತುಂಬ ಬಟ್ಟೆ. ಅವಳು ಮೈಕಿನ ಮುಂದೆ ಬಂದು ಕೂತಳು. ಸಂಜೆಗೆ ಗಾಳಿ ದಡ ಮುಟ್ಟುತ್ತದೆ, ಎಲ್ಲರೂ ಮನೆ ಬಿಟ್ಟು ಶಾಲೆಯ ಕಟ್ಟಡಕ್ಕೆ ಹೋಗಬೇಕು ಎಂದು ಓದಿದಳು. ಆಮೇಲೆ ಹಾಳೆಯಲ್ಲಿ ಇಲ್ಲದ್ದೊಂದು ಮಾತು ಬಾಯಿಗೆ ಬಂತು: "ದಯವಿಟ್ಟು, ಈ ಒಂದ್ಸಲ ನನ್ನ ಮಾತು ನಂಬಿ."

ಮತ್ತೆ ಕಿಟಕಿಗೆ ಬಂದಾಗ ತಾರಸಿಯಲ್ಲಿ ಬಟ್ಟೆಯಿರಲಿಲ್ಲ. ಹಗ್ಗವೂ ಇರಲಿಲ್ಲ. ಹಗ್ಗ ಕಿತ್ತೊಯ್ಯುವಷ್ಟು ಗಾಳಿ ಇನ್ನೂ ಬಲಿತಿರಲಿಲ್ಲ. ಯಾರೋ ಕೈಯಾರೆ ಬಿಚ್ಚಿದ್ದರು.

ಮಧ್ಯಾಹ್ನ ಕಳೆಯುವ ಮೊದಲೇ ಚಂಡಮಾರುತ ದಡಕ್ಕೆ ಅಪ್ಪಳಿಸಿತು. ಕಚೇರಿಯ ಗಾಜುಗಳು ಗಡಗಡ ನಡುಗುತ್ತಿದ್ದಾಗ ಫೋನ್ ಬಂತು. ಆ ಕಡೆ ಶಾಲೆಯೊಳಗಿನ ಮಕ್ಕಳ ಗಲಾಟೆ, ಅದರ ಮೇಲೆ ಅತ್ತೆಯ ದನಿ.

"ಸಂಜೆ ಅಂದಿದ್ದೆ, ಈಗ್ಲೇ ಬಂದ್ಬಿಡ್ತಲ್ಲೇ!"

"ತಪ್ಪಾಯ್ತು ಅತ್ತೆ. ನೀವು ಹುಷಾರಾಗಿದೀರಾ?"

"ನನಗೇನಾಗತ್ತೆ? ಹಗ್ಗ ಚೀಲದಲ್ಲೇ ಇದೆ. ಮತ್ತೆ ಯಾವಾಗ ಕಟ್ಟಬೇಕು, ನೀನೇ ಹೇಳು."