ಒದೆಯದ ಕೋವಿ

ಕೋವಿಗಳ ಸಾಲಿನ ಮುಂದೆ ನಿಂತವನು ವೇಷ ಮರೆಸಿಕೊಂಡು ಕಳ್ಳಬೇಟೆ ಹಿಡಿಯಲು ಬಂದ ವಾರ್ಡನ್ನೇ ಇರಬೇಕು ಎಂದು ರಾಡ್ನಿ ಲಾಹ್ಟಿಗೆ ಅನಿಸಿತು. ನಾಳೆಯಿಂದ ಜಿಂಕೆ ಬೇಟೆ. ಊರಿನ ಗಂಡಸರೆಲ್ಲ ಕೆಸರು ಮೆತ್ತಿದ ಬೂಟಿನಲ್ಲಿ ಆರ್ವಿಲ್‌ನ ಅಂಗಡಿಗೆ ತೋಟಾ ಕೊಳ್ಳಲು ಬಂದಿದ್ದರು. ಈ ಅಪರಿಚಿತನ ಬೂಟು ಮಾತ್ರ ಫಳಫಳ ಹೊಳೆಯುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ರಾಡ್ನಿಯದು. ಒಂದು ಲೈಸೆನ್ಸಿಗೆ ಒಂದೇ ಜಿಂಕೆ. ಅವನು ಪ್ರತಿವರ್ಷ ಎರಡು ಹೊಡೆಯುತ್ತಿದ್ದ. ಎರಡನೆಯದು ತಾಯಿ ಇರ್ಮಾಳ ಹೆಸರಿನ ಲೈಸೆನ್ಸಿಗೆ. ಲಕ್ವ ಹೊಡೆದು ಕಾಲು ಸೋತು ಅವಳು ಆರೈಕೆ ಮನೆ ಸೇರಿದಾಗಿನಿಂದ ಅವಳ ಗುರುತಿನ ಕಾರ್ಡು ಇವನ ಜೇಬಿನಲ್ಲೇ ಇತ್ತು. ಊರಿನಲ್ಲಿ ಇದು ದೊಡ್ಡ ಪಾಪವೇನಲ್ಲ. ಕೋವಿ ಕಂಡರೆ ಕಿವಿ ಮುಚ್ಚಿಕೊಳ್ಳುವ ಹೆಂಡತಿಯರ ಹೆಸರಿನಲ್ಲೂ ಜಿಂಕೆಗಳು ಬೀಳುತ್ತಿದ್ದವು. ಆದರೆ ಸಿಕ್ಕಿಬಿದ್ದರೆ ಅಪ್ಪ ಬಿಟ್ಟುಹೋದ ರೈಫಲ್ ಜಪ್ತಿ, ವರ್ಷಗಟ್ಟಲೆ ಬೇಟೆ ಬಂದ್. ಬೇಟೆಯಿಲ್ಲದ ನವೆಂಬರನ್ನು ರಾಡ್ನಿಗೆ ನೆನೆಯಲೂ ಆಗುತ್ತಿರಲಿಲ್ಲ.

ಇರ್ಮಾ ಒಂದು ಕಾಲದಲ್ಲಿ ಊರಿಗೇ ಹೆಸರಾದ ಗುರಿಗಾರ್ತಿ. ಚಳಿ ಶುರುವಾದರೆ ಈಗಲೂ ಕಾಡಿನ ಮಾತೆತ್ತುತ್ತಾಳೆ. "ಗಾಲಿಕುರ್ಚಿಯೋರ್ನ ಕಾನೂನು ಬಿಡಲ್ಲಮ್ಮ" ಎಂದು ಮಗ ಸಮಾಧಾನ ಹೇಳಿ ಬರುತ್ತಾನೆ.

ರಾಡ್ನಿ ಅಪರಿಚಿತನ ಪಕ್ಕಕ್ಕೆ ಸರಿದ. "ಏನು ಹುಡುಕ್ತಿದ್ದೀರಿ ಸ್ವಾಮಿ?"

"ಜಿಂಕೆಗೊಂದು ಕೋವಿ. ಅಗ್ಗದ್ದಾಗ್ಬೇಕು. ಭುಜಕ್ಕೆ ಒದೀಬಾರ್ದು."

"ಎಲ್ಲಿಂದ ಹೊಡೀತೀರಿ?"

"ಕೂತಲ್ಲಿಂದಾನೇ."

"ಕೂತಲ್ಲಿಗೇ ಬಂದು ಬಡಿಸೋಕೆ ಜಿಂಕೆ ಬೇಟೆ ಮದುವೆ ಊಟಾನಾ?"

ಅವನು ನಕ್ಕು, ಇದ್ದುದರಲ್ಲೇ ಭಾರಿ ರೈಫಲ್ಲಿಗೆ ಕೈ ಹಾಕಿದ. ಹಿಡಿದ ರೀತಿ ನೋಡಿಯೇ ರಾಡ್ನಿಗೆ ಅರ್ಧ ಜೀವ ಬಂತು. ಪೊರಕೆ ಹಿಡಿದ ಹಾಗೆ ಕೋವಿ ಹಿಡಿಯುವವನು ವಾರ್ಡನ್ ಆಗಲಾರ.

"ಅದು ಕತ್ತೆ ಥರ ಒದೆಯುತ್ತೆ, ಇಡಿ ಕೆಳಗೆ" ಎಂದು ರಾಡ್ನಿ ಉತ್ಸಾಹದಿಂದ ಹಳೆಯ ಸಾಮಾನಿನ ಕಡೆ ನಡೆದ. ಹೆಚ್ಚು ಒದೆಯದ ಒಂದು ಟೂ-ಫಾರ್ಟಿ-ತ್ರೀ ರೈಫಲ್ ಎತ್ತಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದ. ತುಕ್ಕಿನ ಸುಳಿವಿರಲಿಲ್ಲ. "ಹೊಸದಕ್ಕೆ ದುಡ್ಡು ಸುರೀಬೇಡಿ. ಕೋವಿಯ ಮರದ ಹಿಡಿ ಗೀಚಿದ್ರೆ ಜಿಂಕೆಗೇನು ಗೊತ್ತಾಗುತ್ತೆ? ಉಳಿದ ದುಡ್ಡಲ್ಲಿ ಒಳ್ಳೇ ದುರ್ಬೀನು ಹಾಕ್ಸಿ."

"ಹೆಗಲಿಗೆ ಒತ್ತೋ ಮರ ಇನ್ನೂ ಗಿಡ್ಡ ಸಿಗುತ್ತಾ?"

"ಮಾರುದ್ದ ಕೈ ಇಟ್ಕೊಂಡು ಗಿಡ್ಡದ್ದು ಯಾಕ್ರೀ?"

"ಗಿಡ್ಡದ್ದೇ ತಗೋ ಅಂತ ಅಪ್ಪಣೆಯಾಗಿದೆ."

"ಹೆಂಡ್ತಿ ಮಾತು ಮೀರಬೇಡಿ ಮತ್ತೆ" ಎಂದು ರಾಡ್ನಿ ಗಿಡ್ಡ ಮರದ್ದನ್ನೇ ಹುಡುಕಿ ಕೈಗಿತ್ತ.

ಮನಸ್ಸು ಹಗುರಾಗಿತ್ತು. ಗಲ್ಲೆಯ ಬಳಿ ಹೋಗಿ ತನ್ನ ಕಾರ್ಡಿನ ಜೊತೆ ತಾಯಿಯದನ್ನೂ ಮುಂದೆ ಸರಿಸಿದ. "ಅಮ್ಮಂದೂ ಒಂದು."

ಆರ್ವಿಲ್ ಕಾರ್ಡು ಮುಟ್ಟಲಿಲ್ಲ. "ಅವಳ ಲೈಸೆನ್ಸು ಬೆಳಗ್ಗೇನೇ ಕೊಟ್ಟಾಯ್ತಲ್ಲ ಮಾರಾಯ. ಕಾರ್ಡು ಕಳೆದಿದೆ ಅಂತ ಹೊಸದು ಮಾಡಿಸ್ಕೊಂಡು ತಾನೇ ಬಂದಿದ್ಲು. ತನ್ನ ಹೆಸರಿನ ಹಳೇ ಲೆಕ್ಕಾನೂ ಕೇಳಿದ್ಲು."

ಹಿಂದಿನಿಂದ ಅಪರಿಚಿತ ಕೋವಿಯನ್ನು ಗಲ್ಲೆಯ ಮೇಲಿಟ್ಟ. "ಇದನ್ನ ಕೊಳ್ಳೋರು ವ್ಯಾನಲ್ಲಿದ್ದಾರೆ, ಕರ್ಕೊಂಡು ಬರ್ತೀನಿ. ನಾನು ಆರೈಕೆ ಮನೆಯ ಹೊಸ ಡ್ರೈವರು."

ರಾಡ್ನಿಯ ಮೈ ಉರಿಯಿತು. ಹೆತ್ತ ತಾಯಿ, ತನಗೆ ತಿಳಿಸದೆ, ತನ್ನ ಕೈಯಿಂದಲೇ ಕೋವಿ ಆರಿಸಿಸಿಕೊಂಡು! ಇಂಥ ನಂಬಿಕೆದ್ರೋಹವನ್ನು ಅವನು ಶತ್ರುವಿನಿಂದಲೂ ನಿರೀಕ್ಷಿಸಿರಲಿಲ್ಲ. ಬಾಗಿಲು ತೆರೆದು ಗಾಲಿಕುರ್ಚಿ ಒಳಗೆ ಬಂತು. ಇರ್ಮಾ ಕಿತ್ತಳೆ ಬಣ್ಣದ ಬೇಟೆಯಂಗಿ ತೊಟ್ಟಿದ್ದಳು.

"ನಂಗ್ಯಾಕಮ್ಮ ಹೇಳ್ಲಿಲ್ಲ?" ರಾಡ್ನಿ ಕುರ್ಚಿಗೆ ಅಡ್ಡ ನಿಂತ. "ಹೀಗೆ ಮೋಸ ಮಾಡ್ಬಹುದಾ?"

ಇರ್ಮಾ ಕೋವಿಯನ್ನು ಹೆಗಲಿಗೇರಿಸಿ ನೋಡಿ, ಇಳಿಸಿ, ಮಗನ ಮುಖ ನೋಡಿದಳು.

"ಕಾನೂನು ಬಿಡಲ್ಲ ಅಂದೆ, ನಂಬ್ಕೊಂಡು ಕಿಟಕಿ ಪಕ್ಕ ಕೂತೆ ಕಣೋ, ವರ್ಷವರ್ಷವೂ ನಾನೇ ಜಿಂಕೆ ಹೊಡೆದಿದ್ದೀನಂತೆ, ಒಂದು ತುಂಡು ಮಾಂಸನಾದ್ರೂ ತಂದುಕೊಡಬಾರದಿತ್ತಾ?"