ಎರಡನೆಯ ಸ್ಥಾನ

ಹನ್ನೆರಡು ವರ್ಷಗಳಿಂದ ನಮ್ಮ ತುಕಡಿಯಲ್ಲಿ ಗುರಿಯಿಡುವುದರಲ್ಲಿ ಅವನೇ ಮೊದಲು, ನಾನು ಎರಡನೆಯವನು. ಅಭ್ಯಾಸದ ಹಲಗೆಗೆ ಅವನು ಐದು ಗುಂಡು ಹೊಡೆದರೆ ಬೀಳುತ್ತಿದ್ದುದು ಒಂದೇ ತೂತು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಇಂದು ಚೌಕದಲ್ಲಿ ಅಧ್ಯಕ್ಷರ ವಿರುದ್ಧ ಘೋಷಣೆ ಕೂಗುತ್ತಿದ್ದವರ ಮೇಲೆ ಗುಂಡು ಹಾರಿಸಲು ನಮ್ಮಿಬ್ಬರನ್ನೇ ಆರಿಸಿದರು. ತಲಾ ಐದು ಗುಂಡು. ನನ್ನ ಗುಂಡಿಗೆ ಐವರು ಬಿದ್ದರು. ಅವನ ಗುಂಡಿಗೆ ಒಬ್ಬರೂ ಬೀಳಲಿಲ್ಲ.

“ಏನಯ್ಯಾ, ಕೈ ನಡುಗ್ತಾ?” ಎಂದೆ, ಖುಷಿ ತಡೆಯಲಾರದೆ.

“ಹೂಂ ಕಣೋ. ಇವತ್ತು ನೀನೇ ಫಸ್ಟು,” ಎಂದು ಅವನು ಬಂದೂಕು ಕೆಳಗಿಟ್ಟ.

ಹೆಣ ಎತ್ತಲು ಹೋದಾಗ ಅವರ ಹಿಂದಿದ್ದ ಗೋಡೆಯನ್ನು ನೋಡಿದೆ. ಜನರ ತಲೆಗಿಂತ ಒಂದು ಮೊಳ ಮೇಲೆ ಒಂದೇ ಒಂದು ತೂತಿತ್ತು.